ಮಗುವಿನ ತಟ್ಟೆಗೆ ಎಷ್ಟು ಕೈ? ಒಂದರಿಂದ ಐದು ವರ್ಷದ ಮಕ್ಕಳ ತೂಕ ನೋಡಿಕೊಳ್ಳುವ ಬಗೆ

"ನಮ್ಮ ಪಾಪು ಏನೂ ತಿನ್ನಲ್ಲ, ತೂಕ ಹೆಚ್ಚೋದೇ ಇಲ್ಲ, ಏನು ಕೊಡ್ಲಿ?" ವಾರಕ್ಕೆ ಎರಡು ಸಲವಾದರೂ ಈ ಪ್ರಶ್ನೆ ನನಗೆ ಬರುತ್ತದೆ. ಈಚೆಗೆ ಇದರ ಜೊತೆಗೇ ಇನ್ನೊಂದು ಬರುತ್ತಿದೆ: "ವಯಸ್ಸಿಗಿಂತ ತೂಕ ಜಾಸ್ತಿ ಅಂತ ಡಾಕ್ಟರ್ ಹೇಳಿದ್ರು, ಡಯಟ್ ಮಾಡಿಸಬೇಕಾ?" ಇಬ್ಬರಿಗೂ ನಾನು ಮೊದಲು ಕೇಳುವುದು ಒಂದೇ ಮಾತು. ನಿಮ್ಮ ಮಗುವಿಗೆ ದಿನಕ್ಕೆ ಎಷ್ಟು ಜನ ತಿನ್ನಿಸುತ್ತಾರೆ?

ಎಣಿಸಿ ನೋಡಿ. ಬೆಳಿಗ್ಗೆ ಅಮ್ಮ. ಹತ್ತು ಗಂಟೆಗೆ ಡೇ ಕೇರ್‌ನ ಆಯಾ ಅಥವಾ ಅಂಗನವಾಡಿ ಟೀಚರ್. ಮಧ್ಯಾಹ್ನ ಅಜ್ಜಿ. ಸಂಜೆ ವಾಕಿಂಗ್ ಮುಗಿಸಿ ಬರುವ ತಾತ, ನಡುವೆ ಪಕ್ಕದ ಮನೆ ಆಂಟಿ, ರಾತ್ರಿ ಅಪ್ಪ. ಎಲ್ಲರೂ ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಅವರವರು ಕೊಟ್ಟದ್ದು ಅವರವರಿಗೆ ಮಾತ್ರ ಗೊತ್ತು. ಒಟ್ಟು ಎಷ್ಟಾಯಿತು ಎಂದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ತೂಕದ ತಾಪತ್ರಯ ಹೆಚ್ಚಿನ ಮನೆಗಳಲ್ಲಿ ಶುರುವಾಗುವುದು ಇಲ್ಲೇ. ಹಾಗಾಗಿ ಇಲ್ಲಿ ಟಾನಿಕ್ ಹೆಸರು ಹುಡುಕಬೇಡಿ. ಇಷ್ಟೂ ಕೈಗಳನ್ನು ಒಂದೇ ಲೆಕ್ಕಕ್ಕೆ ತರುವುದು ಹೇಗೆ ಎಂಬುದನ್ನಷ್ಟೇ ಬರೆದಿದ್ದೇನೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 33 ಮಕ್ಕಳ ತೂಕ ವಯಸ್ಸಿಗೆ ಸಾಲದು. ಅತಿ ತೂಕದವರು ಸುಮಾರು 3. ಹಾಗಾಗಿ ಎರಡು ಕಡೆಯವರಿಗೂ ಬೇಕಾದ್ದನ್ನು ಹೇಳುತ್ತೇನೆ. ವರ್ಷ ತುಂಬದ ಕೂಸಿನ ವಿಷಯ ಬೇರೆ, ಅದನ್ನು ಇಲ್ಲಿ ತಂದಿಲ್ಲ.

ಬೇಕಾದ್ದು ಇಷ್ಟು: ತಾಯಿ ಕಾರ್ಡ್ (ಗರ್ಭಿಣಿಯಾಗಿದ್ದಾಗ ಕೊಡುವ, ಮಗುವಿನ ಬೆಳವಣಿಗೆ ನಕ್ಷೆಯೂ ಇರುವ ಸರ್ಕಾರಿ ಕಾರ್ಡ್), ಒಂದು ತೂಕದ ಮೆಷಿನ್, ಒಂದು ನೋಟ್‌ಬುಕ್, ಮತ್ತು ಮನೆಯವರೆಲ್ಲ ಒಟ್ಟಿಗೆ ಕೂರುವ ಅರ್ಧ ಗಂಟೆ. ಕೊನೆಯದು ಹೊಂದಿಸುವುದೇ ಕಷ್ಟ.

ಹಂತ 1: ಮುಖ ನೋಡಬೇಡಿ, ತೂಕ ನೋಡಿ

"ಮಗು ಸೊರಗಿದೆ" ಎಂಬ ಮಾತು ಮದುವೆ ಮನೆಯಲ್ಲಿ ಒಬ್ಬರ ಬಾಯಿಂದ ಬಂದರೆ ಸಾಕು, ಮಾರನೇ ದಿನದಿಂದ ತುರುಕುವುದು ಶುರು. ಮೊದಲು ತೂಕ ನೋಡಿ. ಅಂಗನವಾಡಿಯಲ್ಲಿ ಪ್ರತಿ ತಿಂಗಳು ತೂಗುತ್ತಾರೆ, ಅಲ್ಲಿಗೇ ಹೋಗಬಹುದು. ಮನೆಯಲ್ಲಾದರೆ 100 ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಡಿಜಿಟಲ್ ಮೆಷಿನ್ ಬೇಕು. ಪುಟ್ಟ ಮಗು ನಿಲ್ಲದಿದ್ದರೆ ನೀವು ಎತ್ತಿಕೊಂಡು ನಿಂತು ನೋಡಿ. ಆಮೇಲೆ ನಿಮ್ಮೊಬ್ಬರ ತೂಕ ಕಳೆಯಿರಿ.

ತಿಂಗಳಿಗೆ ಒಂದೇ ಸಲ ತೂಗಿ. ಅದೇ ಮೆಷಿನ್, ಅದೇ ಹೊತ್ತು, ತೆಳು ಬಟ್ಟೆ, ಡೈಪರ್ ಇಲ್ಲದೆ. ದಿನಾ ತೂಗುವವರಿದ್ದಾರೆ. ಈ ವಯಸ್ಸಿನ ಮಗು ತಿಂಗಳಿಗೆ ಏರುವುದೇ 200 ಗ್ರಾಂ ಆಸುಪಾಸು. ಒಂದು ಲೋಟ ನೀರು ಕುಡಿದರೆ, ಒಂದು ಸಲ ಉಚ್ಚೆ ಹೊಯ್ದರೆ ಅಷ್ಟು ಆಚೀಚೆ ಆಗುತ್ತದೆ. ಸುಮ್ನೆ ತಲೆಬಿಸಿ.

ವಿಶ್ವ ಆರೋಗ್ಯ ಸಂಸ್ಥೆಯ ನಕ್ಷೆಯ ಪ್ರಕಾರ ನಡುವಿನ ತೂಕ ಮತ್ತು ಕೆಳಗೆರೆ ಹೀಗಿವೆ. ಕೆಳಗೆರೆ ಎಂದರೆ, ಅದಕ್ಕಿಂತ ಕಡಿಮೆ ಇದ್ದರೆ ಡಾಕ್ಟರಿಗೆ ತೋರಿಸಬೇಕು ಎಂದರ್ಥ.

1 ವರ್ಷ: ಹೆಣ್ಣು 8.9 ಕೆ.ಜಿ. (ಕೆಳಗೆರೆ 7.0), ಗಂಡು 9.6 (7.7)
2 ವರ್ಷ: ಹೆಣ್ಣು 11.5 (9.0), ಗಂಡು 12.2 (9.7)
3 ವರ್ಷ: ಹೆಣ್ಣು 13.9 (10.8), ಗಂಡು 14.3 (11.3)
4 ವರ್ಷ: ಹೆಣ್ಣು 16.1 (12.3), ಗಂಡು 16.3 (12.7)
5 ವರ್ಷ: ಹೆಣ್ಣು 18.2 (13.7), ಗಂಡು 18.3 (14.1)

ನಡುವಿನ ತೂಕ ಎಂದರೆ ಅಷ್ಟೇ ಇರಬೇಕು ಎಂದಲ್ಲ. ಆರೋಗ್ಯವಾಗಿರುವ ಮಕ್ಕಳಲ್ಲಿ ಅರ್ಧದಷ್ಟು ಜನ ಅದಕ್ಕಿಂತ ಕೆಳಗೇ ಇರುತ್ತಾರೆ. ಇದನ್ನು ತಪ್ಪು ತಿಳಿದು ಗಾಬರಿಯಾಗುವವರೇ ಜಾಸ್ತಿ. ವಿದೇಶದಲ್ಲಿರುವ ನಮ್ಮವರು "20ನೇ ಪರ್ಸೆಂಟೈಲ್ ಅಂತೆ, ಫೇಲಾ?" ಎಂದು ಕೇಳುತ್ತಾರೆ. ಅದು ಮಾರ್ಕ್ಸ್ ಅಲ್ಲ. ಒಂದೇ ವಯಸ್ಸಿನ ನೂರು ಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಿಮ್ಮ ಮಗು ಕೆಳಗಿನಿಂದ ಇಪ್ಪತ್ತನೆಯದು, ಅಷ್ಟೇ.

ಈಗ ತಾಯಿ ಕಾರ್ಡ್‌ನ ಬೆಳವಣಿಗೆ ನಕ್ಷೆ ತೆಗೆಯಿರಿ. ಅಡಿಯಲ್ಲಿ ವಯಸ್ಸು, ಪಕ್ಕದಲ್ಲಿ ತೂಕ. ಎರಡೂ ಸೇರುವಲ್ಲಿ ಚುಕ್ಕೆ ಇಡಿ. ಹಸಿರು ಪಟ್ಟಿಯಲ್ಲಿದ್ದರೆ ಸರಿ, ಹಳದಿಯಾದರೆ ಕಡಿಮೆ, ಕಿತ್ತಳೆಯಾದರೆ ತೀರಾ ಕಡಿಮೆ. ಒಂದು ಚುಕ್ಕೆಯಿಂದ ಏನೂ ತಿಳಿಯುವುದಿಲ್ಲ. ಮೂರು ನಾಲ್ಕು ತಿಂಗಳ ಚುಕ್ಕೆ ಸೇರಿಸಿ ಗೆರೆ ಎಳೆಯಿರಿ. ಗೆರೆ ಮುದ್ರಿಸಿದ ಗೆರೆಗಳ ಜೊತೆಜೊತೆಗೇ ಏರುತ್ತಿದ್ದರೆ ಮಗು ಸಣ್ಣಗಿದ್ದರೂ ಚೆನ್ನಾಗಿ ಬೆಳೆಯುತ್ತಿದೆ. ಮಟ್ಟಸವಾಗಿ ಮಲಗಿದರೆ, ಇಳಿದರೆ, ಅಥವಾ ಒಮ್ಮೆಲೇ ಮೇಲಿನ ಗೆರೆಗಳನ್ನು ದಾಟಿ ಹೋದರೆ ಗಮನ ಕೊಡಬೇಕು.

"ಅದು ಫಾರಿನ್ ಮಕ್ಕಳ ಚಾರ್ಟ್, ನಮ್ಮವರು ಚಿಕ್ಕವರೇ ಅಲ್ವಾ?" ಎನ್ನುವವರಿಗೆ ಒಂದು ಮಾತು. 2006ರಲ್ಲಿ ಬಂದ ಈ ನಕ್ಷೆಗೆ ಆರು ದೇಶಗಳ ಮಕ್ಕಳನ್ನು ಅಳೆದಿದ್ದರು. ಅದರಲ್ಲಿ ದೆಹಲಿಯ ಮಕ್ಕಳೂ ಇದ್ದರು. ಒಳ್ಳೆಯ ಊಟ, ಆರೈಕೆ ಸಿಕ್ಕಾಗ ಎಲ್ಲ ಕಡೆಯ ಪುಟ್ಟ ಮಕ್ಕಳೂ ಹೆಚ್ಚುಕಡಿಮೆ ಒಂದೇ ಥರ ಬೆಳೆಯುತ್ತಾರೆ ಎಂಬುದೇ ಅಲ್ಲಿ ಕಂಡದ್ದು.

ಇನ್ನೊಂದು ವಿಷಯ. ಗುಂಡುಗುಂಡಗಿದ್ದ ಮಗು ನಾಲ್ಕೈದು ವರ್ಷಕ್ಕೆ ಉದ್ದ ಕಾಲು, ಎದ್ದು ಕಾಣುವ ಪಕ್ಕೆಲುಬು ಆಗುವುದು ಸಹಜ. ಎತ್ತರಕ್ಕೆ ಹೋಲಿಸಿ ಲೆಕ್ಕ ಹಾಕುವ ತೂಕಕ್ಕೆ ಬಿಎಂಐ ಎನ್ನುತ್ತಾರೆ. ಅದು ಒಂದು ವರ್ಷದ ಬಳಿಕ ಇಳಿಯುತ್ತಾ ಬಂದು ಐದಾರು ವರ್ಷಕ್ಕೆ ತೀರಾ ಕೆಳಕ್ಕೆ ಮುಟ್ಟಿ ಆಮೇಲೆ ಏರುತ್ತದೆ. ತೆಳ್ಳಗಾಗುವ ಈ ಕಾಲದಲ್ಲೇ ಮಗು ದಪ್ಪಗಾಗುತ್ತಿದ್ದರೆ ಅದನ್ನು ಹೆಚ್ಚು ಗಮನಿಸಬೇಕು.

ಹಂತ 2: ಮೂರು ದಿನ ಬರೆಯಿರಿ, ಎಲ್ಲರೂ ಬರೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ಇದೊಂದನ್ನೇ ಮಾಡಿದರೂ ಅರ್ಧ ಕೆಲಸ ಆದಂತೆ. ಅಡುಗೆಮನೆಯಲ್ಲಿ ಫ್ರಿಜ್ ಮೇಲೆ ನೋಟ್‌ಬುಕ್, ಅದಕ್ಕೆ ದಾರ ಕಟ್ಟಿದ ಪೆನ್. ಮಗುವಿನ ಬಾಯಿಗೆ ಏನೇ ಹೋದರೂ ಕೊಟ್ಟವರೇ ಬರೆಯಬೇಕು. ಗಂಟೆ, ಏನು, ಎಷ್ಟು, ಆಗ ಟಿವಿ ಅಥವಾ ಮೊಬೈಲ್ ಇತ್ತೇ. ಡೇ ಕೇರ್‌ನವರಿಗೂ ಒಂದು ಚೀಟಿ ಕಳಿಸಿ. ಎರಡು ಮಾಮೂಲಿ ದಿನ, ಒಂದು ಭಾನುವಾರ.

ನಮ್ಮ ಮನೆಯಲ್ಲಿ ಮಗಳಿಗೆ ಎರಡೂವರೆ ವರ್ಷವಿದ್ದಾಗ ಬರೆದ ಒಂದು ಪುಟ ಹೀಗಿತ್ತು:

6.45 – ಹಾಲು ಒಂದು ಲೋಟ, ಸಕ್ಕರೆ 2 ಚಮಚ, ಬಿಸ್ಕತ್ 2
8.30 – ದೋಸೆ, ಕಾಲು ಭಾಗ
10.30 – ಬಿಸ್ಕತ್ 3 (ಡೇ ಕೇರ್)
12.30 – ಅನ್ನ ಸಾರು ನಾಲ್ಕು ತುತ್ತು, ಉಗಿದಳು
3.30 – ಹಾಲು, ಸಕ್ಕರೆ 2 ಚಮಚ
5.30 – ಬಿಸ್ಕತ್ 3 (ತಾತ)
8.15 – ಅನ್ನ ಮೊಸರು ಐದು ತುತ್ತು, ಮೊಬೈಲ್
9.30 – ಊಟ ಮಾಡಿಲ್ಲ ಅಂತ ಹಾಲು, ಸಕ್ಕರೆ 2 ಚಮಚ

ಆ ದಿನ ಎಲ್ಲರೂ ಹೇಳಿದ್ದು "ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಎಂದೇ. ಲೆಕ್ಕ ನೋಡಿ. 200 ಮಿ.ಲೀ. ಲೋಟದ ಹಾಲು ಸಕ್ಕರೆ ಸೇರಿ ಸುಮಾರು 170 ಕ್ಯಾಲೊರಿ. ಕ್ಯಾಲೊರಿ ಎಂದರೆ ಆಹಾರ ಕೊಡುವ ಶಕ್ತಿಯ ಅಳತೆ. ಮೂರು ಲೋಟಕ್ಕೆ 510. ಎಂಟು ಸಣ್ಣ ಗ್ಲೂಕೋಸ್ ಬಿಸ್ಕತ್ತಿಗೆ ಹತ್ತಿರ ಹತ್ತಿರ 200. ಒಟ್ಟು 700 ದಾಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಲ್ಲಿ 1ರಿಂದ 3 ವರ್ಷದ ಮಗುವಿಗೆ ದಿನಕ್ಕೆ ಬೇಕಾದ್ದು ಸುಮಾರು 1,010 ಕ್ಯಾಲೊರಿ. ಮೂರರಲ್ಲಿ ಎರಡು ಪಾಲು ಹಾಲು ಬಿಸ್ಕತ್ತಿನಲ್ಲೇ ತುಂಬಿತ್ತು. ಮಗುವಿಗೆ ಹಸಿವು ಎಲ್ಲಿಂದ ಬರಬೇಕು?

ಲೋಟದ ಸಕ್ಕರೆಯೊಂದೇ ಆರು ಚಮಚ, ಅಂದರೆ 30 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ, ಒಟ್ಟು ಕ್ಯಾಲೊರಿಯ ಶೇ. 10ಕ್ಕಿಂತ ಕಡಿಮೆ. ಈ ಮಗುವಿಗೆ ಅದು 25 ಗ್ರಾಂ. ಬಿಸ್ಕತ್ತಿನೊಳಗಿನ ಸಕ್ಕರೆಯನ್ನು ನಾವಿನ್ನೂ ಎಣಿಸಿಯೇ ಇಲ್ಲ.

ನೋಟ್‌ಬುಕ್ ತೆರೆದು "ನೋಡಿ, ಇದೆಲ್ಲ ನಿಮ್ಮಿಂದ" ಎಂದು ಯಾರನ್ನೂ ಬೈಯಬೇಡಿ. ಮಾರನೇ ದಿನದಿಂದ ಎಲ್ಲರೂ ಬಚ್ಚಿಟ್ಟು ಕೊಡುತ್ತಾರೆ. ಆಮೇಲೆ ಲೆಕ್ಕವೇ ಸಿಗುವುದಿಲ್ಲ.

ಹಂತ 3: ಹಾಲಿನ ಲೋಟದಿಂದ ಶುರುಮಾಡಿ

ಪುಟ ನೋಡಿದ ಮೇಲೆ ಮೊದಲು ಸರಿಮಾಡಬೇಕಾದ್ದು ಸಾಮಾನ್ಯವಾಗಿ ಹಾಲು. ವರ್ಷ ದಾಟಿದ ಮಗುವಿಗೆ ದಿನಕ್ಕೆ 400–500 ಮಿ.ಲೀ. ಸಾಕು, ಮೊಸರೂ ಅದರಲ್ಲೇ ಸೇರಿತು. ಜಾಸ್ತಿ ಹಾಲು ಕುಡಿದರೆ ಹೊಟ್ಟೆ ತುಂಬಿ ಊಟ ಬಿಡುತ್ತದೆ. ಹಾಲಿನಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ಹಾಗಾಗಿ ಇಂಥ ಮಕ್ಕಳಿಗೆ ರಕ್ತಹೀನತೆ ಬರುತ್ತದೆ, ಅದರಿಂದ ಹಸಿವು ಇನ್ನೂ ಕುಗ್ಗುತ್ತದೆ. ಬಾಟಲಿ ಇದ್ದರೆ ಬಿಡಿಸಿ, ಲೋಟಕ್ಕೆ ಬನ್ನಿ. ಮಲಗಿಸಿ ಬಾಟಲಿ ಕೊಡುವುದು ಹಲ್ಲಿಗೂ ಕೆಟ್ಟದು. ತಾಯಿ ಹಾಲು ಕುಡಿಯುತ್ತಿದ್ದರೆ ಎರಡು ವರ್ಷದವರೆಗೆ ಮುಂದುವರಿಸಿ.

ಸಕ್ಕರೆಯನ್ನು ಒಂದೇ ದಿನ ನಿಲ್ಲಿಸಬೇಡಿ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿ, ನಾಲ್ಕು ವಾರದಲ್ಲಿ ನಿಲ್ಲುತ್ತದೆ. ಬೆಲ್ಲ ಹಾಕಿದರೆ ಪರವಾಗಿಲ್ಲ ಎಂದು ಬಹಳ ಜನ ನಂಬಿದ್ದಾರೆ. ತೂಕದ ವಿಷಯದಲ್ಲಿ ಬೆಲ್ಲವೂ ಸಕ್ಕರೆಯೇ. ಹಾಲಿಗೆ ಹಾಕುವ ಮಾಲ್ಟ್ ಪುಡಿಗಳನ್ನು "ಹೆಲ್ತ್ ಡ್ರಿಂಕ್" ಎಂದುಕೊಂಡು ಕೊಡುತ್ತಿದ್ದರೆ ಡಬ್ಬದ ಹಿಂಬದಿ ಓದಿ. ಇಂಥ ಪೇಯಗಳನ್ನು ಹೆಲ್ತ್ ಡ್ರಿಂಕ್ ಪಟ್ಟಿಯಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಜ್ಯೂಸ್ ಬದಲು ಹಣ್ಣು ಕೊಡಿ.

ಹಂತ 4: ಮನೆಯಲ್ಲಿ ಕೂತು ಮಾತಾಡಿ

ಮಾತಾಡುವ ಮೊದಲು ಎಲ್ಲರಿಗೂ ಒಂದು ಸಂಗತಿ ತಿಳಿದಿರಲಿ. ಹುಟ್ಟಿದಾಗ ಮೂರು ಕೆ.ಜಿ. ಇದ್ದ ಮಗು ಮೊದಲ ವರ್ಷದಲ್ಲಿ ಆರು ಕೆ.ಜಿ. ಏರುತ್ತದೆ. ಎರಡನೇ ವರ್ಷದಲ್ಲಿ ಏರುವುದು ಎರಡೂವರೆ ಕೆ.ಜಿ. ಮಾತ್ರ. ಆಮೇಲೆ ವರ್ಷಕ್ಕೆ ಎರಡು ಕೆ.ಜಿ. ಆಸುಪಾಸು. ಬೆಳೆಯುವ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. "ಮೊದಲು ಚೆನ್ನಾಗಿ ತಿಂತಿತ್ತು, ವರ್ಷ ಆದ್ಮೇಲೆ ಬಿಟ್ಟುಬಿಡ್ತು" ಎಂಬ ದೂರಿಗೆ ಇದೇ ಕಾರಣ. ಇದು ಕಾಯಿಲೆ ಅಲ್ಲ.

ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರ ತಜ್ಞೆ ಹೇಳಿದ ಒಂದು ಪಾಲುಪಟ್ಟಿ ನನಗೆ ಬಹಳ ಹಿಡಿಸಿದೆ. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಪಾಲು. ತಿನ್ನಬೇಕೇ, ಎಷ್ಟು ಎಂಬುದು ಮಗುವಿನ ಪಾಲು. ತೂಕ ಕಡಿಮೆ ಇರಲಿ, ಜಾಸ್ತಿ ಇರಲಿ, ಇದೇ ನಿಯಮ. ಬಲವಂತ ಮಾಡಿದ ಮಗು ಊಟ ಎಂದರೆ ಓಡುತ್ತದೆ. ಮೊಬೈಲ್ ತೋರಿಸಿ ತುರುಕಿದ ಮಗುವಿಗೆ ಹೊಟ್ಟೆ ತುಂಬಿದ್ದೇ ತಿಳಿಯುವುದಿಲ್ಲ.

ಮನೆಯವರೆಲ್ಲ ಒಪ್ಪಬೇಕಾದ್ದು ಇವಿಷ್ಟೇ:

ಮೂರು ಊಟ, ಎರಡು ಸಣ್ಣ ತಿಂಡಿ. ನಡುವೆ ಎರಡೂವರೆ ಮೂರು ಗಂಟೆ ನೀರು ಬಿಟ್ಟು ಬೇರೇನೂ ಇಲ್ಲ. ಊಟ ಅರ್ಧ ಗಂಟೆಗೆ ಮುಗಿಯಬೇಕು. ತಟ್ಟೆ ಹಿಡಿದು ಬೀದಿ ಸುತ್ತುವುದು ಬೇಡ, ಮಗು ಎಲ್ಲರ ಜೊತೆ ನೆಲದ ಮೇಲೆ ಕೂರಲಿ. ಅತ್ತರೆ ಬಿದ್ದರೆ ಚಾಕ್ಲೇಟ್ ಕೊಡುವುದು ಬೇಡ, ಎತ್ತಿಕೊಂಡರೆ ಸಾಕು. ಊಟ ಬಿಟ್ಟರೆ ಬದಲಿಗೆ ಹಾಲು ಕೊಡಬಾರದು. ಮುಂದಿನ ಹೊತ್ತಿಗೆ ಹಸಿವಾಗುತ್ತದೆ. ಮೊದಲ ನಾಲ್ಕೈದು ದಿನ ಗಲಾಟೆ ಇದ್ದೇ ಇರುತ್ತದೆ, ಗಟ್ಟಿಯಾಗಿರಿ.

ಇನ್ನು ಅಜ್ಜಿ. ಇದು ನಾಜೂಕಿನ ವಿಷಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ಅಮ್ಮಂದಿರು, ಅತ್ತೆಯಂದಿರು ಮಕ್ಕಳನ್ನು ಬೆಳೆಸಿದ ಕಾಲದಲ್ಲಿ ತೆಳ್ಳಗಿನ ಮಗು ಎಂದರೆ ಭಯವಿತ್ತು. ಒಂದು ಭೇದಿ, ಒಂದು ದಡಾರ ಬಂದರೆ ಮಗು ಉಳಿಯುತ್ತದೋ ಇಲ್ಲವೋ ಎನ್ನುವ ಕಾಲ. ಗುಂಡಗಿನ ಮಗುವೇ ಅವರಿಗೆ ಧೈರ್ಯ. ಆ ಭಯವನ್ನು ಸುಳ್ಳು ಎನ್ನಲು ಹೋಗಬೇಡಿ. ಅವರ ಮನಸ್ಸಿಗೆ ನೋವಾಗುತ್ತದೆ, ಕೆಲಸವೂ ಆಗುವುದಿಲ್ಲ.

ಅತ್ತೆಯ ಹತ್ತಿರ ಸೊಸೆ ಮಾತಾಡುವ ಬದಲು ಮಗನೇ ಮಾತಾಡಲಿ. "ಅಮ್ಮಾ, ಪಾಪುಗೆ ಹಾಲು ಎರಡೇ ಲೋಟ ಅಂತ ಡಾಕ್ಟರ್ ಹೇಳಿದ್ದಾರೆ. ಇನ್ಮೇಲೆ ಸಂಜೆ ತಿಂಡಿ ನಿನ್ನ ಜವಾಬ್ದಾರಿ. ನಂಗೆ ಚಿಕ್ಕೋನಿದ್ದಾಗ ಏನು ಮಾಡ್ಕೊಡ್ತಿದ್ದೆ?" ಹೀಗೆ ಕೇಳಿ ನೋಡಿ. ಹುರಿಹಿಟ್ಟು, ರಾಗಿ ಗಂಜಿ, ಹೆಸರುಬೇಳೆ ಹುಗ್ಗಿ, ಹೆಸರುಕಾಳು ಉಸಲಿ, ಅಕ್ಕಿ ರೊಟ್ಟಿ, ಬೇಯಿಸಿದ ಗೆಣಸು. ಅವರಿಗೆ ಗೊತ್ತಿರುವಷ್ಟು ನಿಮಗೂ ನನಗೂ ಗೊತ್ತಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಬಿಸ್ಕತ್ ಪೊಟ್ಟಣ ಹೋಗಿ ಇದು ಬಂದರೆ ಅಜ್ಜಿಯೇ ಮನೆಯ ಆಹಾರ ತಜ್ಞೆ. ತಾತ ಬರುವಾಗ ಬಿಸ್ಕತ್ ಬದಲು ಎರಡು ಏಲಕ್ಕಿ ಬಾಳೆಹಣ್ಣು ತರಲಿ. ಕೈಯಲ್ಲಿ ಏನಾದರೂ ಹಿಡಿದು ಬರುವ ಸಂತೋಷವನ್ನು ಅವರಿಂದ ಕಿತ್ತುಕೊಳ್ಳಬೇಡಿ.

ಗರ್ಭಿಣಿಯಾಗಿದ್ದಾಗ ಶುಗರ್ ಬಂದಿದ್ದ ತಾಯಂದಿರು ಮನೆಯವರಿಗೆ ಒಂದು ವಿಷಯ ತಿಳಿಸಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಿಂದ ತಾಯಿ ಮಕ್ಕಳನ್ನು ವರ್ಷಗಟ್ಟಲೆ ಅಳೆದು ನೋಡಿದ ಅಧ್ಯಯನವಿದೆ. ಹಾಗೆ ಶುಗರ್ ಬಂದಿದ್ದವರ ಹೆಣ್ಣುಮಕ್ಕಳಿಗೆ ಐದನೇ ವಯಸ್ಸಿಗೇ ಚರ್ಮದಡಿಯ ಕೊಬ್ಬು ಉಳಿದವರಿಗಿಂತ ಜಾಸ್ತಿ ಇತ್ತು. ಇಂಥ ಮಗುವಿಗೆ "ಇನ್ನೊಂದು ಸ್ವಲ್ಪ" ಎಂದು ಬಡಿಸುವ ಅಭ್ಯಾಸ ಮೊದಲಿನಿಂದಲೇ ಬೇಡ.

ಹಂತ 5: ಡೇ ಕೇರ್, ಅಂಗನವಾಡಿ

ಡೇ ಕೇರ್‌ನಲ್ಲಿ ಮಗು ಎಂಟೊಂಬತ್ತು ಗಂಟೆ ಇರುತ್ತದೆ. ಎಚ್ಚರ ಇರುವ ಹೊತ್ತಿನ ದೊಡ್ಡ ಪಾಲು ಅಲ್ಲೇ ಕಳೆಯುತ್ತದೆ. ಆದರೂ ನಾವು ಕೇಳುವುದು "ಊಟ ಮಾಡಿದ್ನಾ?" ಎಂದಷ್ಟೇ. ಅವರು "ಹ್ಞೂಂ ಮೇಡಂ, ಫುಲ್" ಎನ್ನುತ್ತಾರೆ. ಡಬ್ಬ ಖಾಲಿ ಆಗಿದ್ದರೆ ಯಾರು ತಿಂದರು, ಹೇಗೆ ತಿನ್ನಿಸಿದರು ಎಂದು ಗೊತ್ತಾಗುವುದಿಲ್ಲ. ಬದಲಿಗೆ ಹೀಗೆ ಕೇಳಿ: ಅತ್ತಾಗ ಏನು ಕೊಡ್ತೀರಿ? ಊಟದ ಹೊತ್ತಲ್ಲಿ ಟಿವಿ ಹಾಕ್ತೀರಾ? ಬೇಡ ಅಂದ್ರೆ ಏನ್ ಮಾಡ್ತೀರಿ? ಹೊರಗೆ ಆಡೋಕೆ ಎಷ್ಟು ಹೊತ್ತು ಬಿಡ್ತೀರಿ? ಹುಟ್ಟುಹಬ್ಬಕ್ಕೆ ಏನೇನು ಹಂಚ್ತಾರೆ? ಇಪ್ಪತ್ತು ಮಕ್ಕಳಿದ್ದರೆ ತಿಂಗಳಿಗೆ ಒಂದೆರಡು ಕೇಕ್ ಆಗಿಯೇ ಆಗುತ್ತದೆ, ಅಲ್ವಾ?

ಆಯಾ ಅವರನ್ನು ಹೆಸರು ಹಿಡಿದು ಗೌರವದಿಂದ ಮಾತಾಡಿಸಿ. "ಡಬ್ಬ ಖಾಲಿ ಮಾಡಿಸಬೇಕಾಗಿಲ್ಲ, ಎಷ್ಟು ಉಳೀತು ಅಂತ ಹೇಳಿದ್ರೆ ಸಾಕು" ಎಂದು ಸ್ಪಷ್ಟವಾಗಿ ಹೇಳಿ. ತಾಯಿ ಬೈಯುತ್ತಾಳೆ ಎಂಬ ಹೆದರಿಕೆಗೇ ಅವರು ತುರುಕುವುದು. ಡಬ್ಬಕ್ಕೆ ಮಗು ಕೈಯಲ್ಲೇ ಎತ್ತಿ ತಿನ್ನುವಂಥದ್ದು ಹಾಕಿ. ಸಣ್ಣ ಇಡ್ಲಿ, ಚಪಾತಿ ಸುರುಳಿ, ಬೇಯಿಸಿದ ಕ್ಯಾರೆಟ್.

ಅಂಗನವಾಡಿಯ ಊಟ, ಹಾಲು, ಮೊಟ್ಟೆ ಮನೆ ಊಟದ ಮೇಲೆ ಹೆಚ್ಚುವರಿ ಎಂದು ಕೊಡುವುದು. "ಅಲ್ಲಿ ತಿಂದು ಬಂತಲ್ಲ" ಎಂದು ಮನೆಯಲ್ಲಿ ಒಂದು ಹೊತ್ತು ಬಿಟ್ಟರೆ ಆ ಲಾಭವೆಲ್ಲ ಹೋಯಿತು. ಮೂರು ವರ್ಷದೊಳಗಿನ ಮಗುವಿಗೆಂದು ಮನೆಗೆ ಕೊಡುವ ಪೊಟ್ಟಣವೂ ಅಷ್ಟೇ. ಅದು ಮನೆಮಂದಿಗೆಲ್ಲ ಉಂಡೆಯಾಗಿ ಹಂಚಿಹೋಗುತ್ತದೆ. ಮಗುವಿನ ಹೆಸರು ಬರೆದು ಬೇರೆ ಡಬ್ಬದಲ್ಲಿಡಿ. ಹಳ್ಳಿಯಲ್ಲಿ ಕೂಲಿಗೆ ಹೋಗುವ ತಾಯಂದಿರು, ಪುಟ್ಟ ಮಕ್ಕಳನ್ನು ಹಗಲು ನೋಡಿಕೊಳ್ಳುವ ಗ್ರಾಮ ಪಂಚಾಯಿತಿಯ "ಕೂಸಿನ ಮನೆ" ಇದೆಯೇ ಎಂದು ವಿಚಾರಿಸಿ. ಅಕ್ಕನೋ ಅಣ್ಣನೋ ನೋಡಿಕೊಳ್ಳುವ ಪುಟ್ಟ ಮಗುವಿಗೆ ಹೊತ್ತುಹೊತ್ತಿಗೆ ಊಟ ಸಿಗುವುದು ಕಷ್ಟ.

ಹಂತ 6: ತೂಕ ಕಡಿಮೆ ಇದ್ದರೆ

ಮಗುವಿನ ಹೊಟ್ಟೆ ಪುಟ್ಟದು. ಜಾಸ್ತಿ ತುಂಬಲು ಹೋಗಬೇಡಿ, ತಿನ್ನುವುದನ್ನೇ ಗಟ್ಟಿಮಾಡಿ. ತಿಳಿಸಾರಿನ ಅನ್ನ ನಮ್ಮ ಮನೆಗಳ ದೊಡ್ಡ ತಪ್ಪು. ಬೇಳೆಯೆಲ್ಲ ಪಾತ್ರೆಯ ತಳದಲ್ಲಿ, ನೀರು ಮಗುವಿನ ತಟ್ಟೆಯಲ್ಲಿ. ಸೌಟನ್ನು ತಳಕ್ಕೆ ಬಿಟ್ಟು ಗಟ್ಟಿ ಬೇಳೆ ಹಾಕಿ, ಮೇಲೆ ಒಂದು ಚಮಚ ತುಪ್ಪ ಅಥವಾ ಎಣ್ಣೆ. ಹುರಿಗಡಲೆ ಪುಡಿ, ಶೇಂಗಾ ಪುಡಿ, ಮೊಟ್ಟೆ, ಕಿವುಚಿದ ಬಾಳೆಹಣ್ಣು ಸೇರಿಸಿ. ಇಡೀ ಶೇಂಗಾ, ಇಡೀ ಬಾದಾಮಿ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹೊಸ ತಿನಿಸನ್ನು ಒಂದು ಸಲ ಉಗಿದರೆ ಬಿಡಬೇಡಿ. ಎಂಟು ಹತ್ತು ಸಲ ತಟ್ಟೆಯಲ್ಲಿ ಕಂಡ ಮೇಲೆ ಬಾಯಿಗೆ ಹೋಗುವ ಮಕ್ಕಳೇ ಹೆಚ್ಚು.

ಜ್ವರ, ಭೇದಿ ಆದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚು ಕೊಡಿ. ಪಥ್ಯ ಎಂದು ಬರೀ ಗಂಜಿನೀರಿನಲ್ಲಿ ಇಡಬೇಡಿ. ವರ್ಷಕ್ಕೆ ಎರಡು ಸಲ ಅಂಗನವಾಡಿಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ತಪ್ಪಿಸಬೇಡಿ. ಅಂಗಡಿಯಲ್ಲಿ ಕೇಳಿ ತರುವ ಹಸಿವಿನ ಸಿರಪ್ ಮಾತ್ರ ಬೇಡವೇ ಬೇಡ.

ಹಂತ 7: ತೂಕ ಜಾಸ್ತಿ ಇದ್ದರೆ

ಈ ವಯಸ್ಸಿಗೆ ಡಯಟ್ ಇಲ್ಲ. ತೂಕ ಇಳಿಸುವ ಗುರಿಯೂ ಸಾಮಾನ್ಯವಾಗಿ ಇರುವುದಿಲ್ಲ. ತೂಕ ನಿಧಾನವಾಗಿ ಏರುತ್ತಾ ಎತ್ತರ ಬೆಳೆದರೆ ಸರಿಹೋಗುತ್ತದೆ. ಸಿಹಿ ಪೇಯ, ಬೇಕರಿ ತಿಂಡಿ, ಚಿಪ್ಸ್ ಮನೆಗೇ ತರಬೇಡಿ. ಅಕ್ಕನಿಗೆ ಕೊಟ್ಟು ಇವನಿಗೆ ಇಲ್ಲ ಎನ್ನುವುದು ಬೇಡ, ಮನೆಗೆಲ್ಲ ಒಂದೇ ನಿಯಮ.

ದಿನಕ್ಕೆ ಒಟ್ಟು ಮೂರು ಗಂಟೆ ಓಡಾಟ ಆಟ, ಎರಡರಿಂದ ಐದರವರೆಗೆ ಹೆಚ್ಚೆಂದರೆ ಒಂದು ಗಂಟೆ ಸ್ಕ್ರೀನ್, ಎರಡರೊಳಗೆ ಸ್ಕ್ರೀನೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೂರು ನಾಲ್ಕು ವರ್ಷದ ಮಗುವಿಗೆ ಹಗಲಿನ ನಿದ್ದೆ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ರಾತ್ರಿ ಹನ್ನೊಂದರವರೆಗೆ ಅಪ್ಪನಿಗಾಗಿ ಕಾಯುವ ಮಕ್ಕಳ ತೂಕಕ್ಕೂ ಆ ಕಾಯುವಿಕೆಗೂ ಸಂಬಂಧವಿದೆ. ನಿದ್ದೆ ಕಡಿಮೆಯಾದ ಮಕ್ಕಳಲ್ಲಿ ತೂಕ ಜಾಸ್ತಿಯಾಗುವುದು ಮತ್ತೆ ಮತ್ತೆ ಕಂಡುಬಂದಿದೆ.

"ಡುಮ್ಮಿ", "ಗುಂಡ" ಎಂದು ಕರೆಯುವುದನ್ನು ಇವತ್ತೇ ನಿಲ್ಲಿಸಿ. ಮುದ್ದಿಗೆ ಕರೆದರೂ ಮಗು ಅದನ್ನು ಮರೆಯುವುದಿಲ್ಲ.

ಯಾವಾಗ ಕಾಯಬಾರದು

ಎರಡೂ ಪಾದ ಊದಿದ್ದರೆ, ಅಥವಾ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಎಡತೋಳಿನ ಭುಜ ಮತ್ತು ಮೊಣಕೈ ನಡುವೆ ಟೇಪ್ ಸುತ್ತಿ ಅಳೆಯುವುದು. ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯ ಹತ್ತಿರ ಇದರ ಬಣ್ಣದ ಪಟ್ಟಿ ಇರುತ್ತದೆ. ಇಂಥ ಮಕ್ಕಳನ್ನು ಸರ್ಕಾರಿ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ತಾಯಿಯ ಜೊತೆಗೇ ಇಟ್ಟುಕೊಂಡು ನೋಡುತ್ತಾರೆ.

ಎರಡು ಮೂರು ತಿಂಗಳು ತೂಕ ಏರದಿದ್ದರೆ, ಪದೇಪದೇ ವಾಂತಿ ಭೇದಿ, ಬಿಡದ ಕೆಮ್ಮು, ಉಚ್ಚೆ ಹೊಯ್ಯುವಾಗ ಅಳು ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ತೂಕ ಜಾಸ್ತಿ ಇರುವ ಮಗು ಗೊರಕೆ ಹೊಡೆದರೆ, ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪವಾಗಿದ್ದರೆ, ಅಥವಾ ಎತ್ತರವೇ ಬೆಳೆಯುತ್ತಿಲ್ಲ ಅನಿಸಿದರೆ ಆಗಲೂ ತೋರಿಸಿ. ಹೋಗುವಾಗ ತಾಯಿ ಕಾರ್ಡ್, ಆ ಮೂರು ದಿನದ ನೋಟ್‌ಬುಕ್ ಎರಡೂ ಚೀಲದಲ್ಲಿರಲಿ. ಸಾಧ್ಯವಾದರೆ ಮಗುವನ್ನು ಹಗಲು ನೋಡಿಕೊಳ್ಳುವವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಡಾಕ್ಟರ್ ಕೇಳುವ ಅರ್ಧ ಪ್ರಶ್ನೆಗೆ ಉತ್ತರ ಅವರ ಹತ್ತಿರವೇ ಇರುತ್ತದೆ.